ಎರಡೇ ಅಂಗಿ

ಯಶವಂತಪುರ, ಮೂರನೇ ಮಹಡಿ, ಬೆಳಗಿನ ಏಳು.
ಗೂಡ್ಸ್ ಗಾಡಿ ಹೋದರೆ ಸೂಕ್ಷ್ಮದರ್ಶಕ ನಡುಗುತ್ತದೆ,
ಕೊನೆಯ ಡಬ್ಬಿ ದಾಟುವ ತನಕ ಸೂಜಿ ಎತ್ತಿ ಕಾಯುತ್ತೇನೆ.
ಹದಿನೆಂಟು ವರ್ಷದಿಂದ ನನ್ನ ಕೆಲಸ ಇಷ್ಟೇ:
ಯೀಸ್ಟಿನ ಚೀಲ ಬಿಡಿಸಿ
ಒಳಗಿನ ನಾಲ್ಕು ಬೀಜಕಗಳನ್ನು
ನಾಲ್ಕು ಮನೆಯಲ್ಲಿ ಕೂರಿಸುವುದು.

ಹೊಟ್ಟೆ ತುಂಬಿದ ದಿನ ಯೀಸ್ಟು ಮೊಗ್ಗು ಬಿಡುತ್ತದೆ.
ಮೊಗ್ಗಿನ ಕತ್ತಿಗೆ ಸೆಪ್ಟಿನ್ ಎಂಬ ಪ್ರೋಟೀನಿನ ಬಳೆ.
ಬಳೆ ಮೊದಲು ಬರುತ್ತದೆ, ಮಗಳು ಆಮೇಲೆ.
ಯಾರು ಎಲ್ಲಿ ನಿಲ್ಲಬೇಕು, ಯಾವುದು ಹೊಸ್ತಿಲು ದಾಟಬಾರದು,
ಬಾಗಿಲಲ್ಲಿ ಕೂತ ಅಜ್ಜಿಯ ಹಾಗೆ ಎಲ್ಲ ಅದರದೇ ಮಾತು.
ಹೊತ್ತು ಬಂದಾಗ ಒಂದು ಬಳೆ ಎರಡಾಗಿ
ನಡುವೆ ಇನ್ನೊಂದು ದಾರ ಬಿಗಿದು, ಬಿಗಿದು,
ಕತ್ತು ಮುಚ್ಚುತ್ತದೆ.
ಮಗಳು ಸೊನ್ನೆ ವಯಸ್ಸಿನಿಂದ ಹೊರಡುತ್ತಾಳೆ.
ತಾಯ ಮೈಮೇಲೆ ಒಂದು ಕಲೆ, ದುಂಡಗೆ.
ಬಣ್ಣ ಹಾಕಿದರೆ ಹೊಳೆಯುತ್ತದೆ, ಎಣಿಸಬಹುದು.
ಒಮ್ಮೆ ಒಬ್ಬಳ ಮೇಲೆ ಹದಿನೇಳು ಎಣಿಸಿದ್ದೆ.

ಹಸಿವಿನ ದಿನದ ರೀತಿ ಬೇರೆ.
ಸಕ್ಕರೆ ತೆಗೆದು, ಸಾರಜನಕ ತೆಗೆದು,
ಬರೀ ಅಸಿಟೇಟಿನ ನೀರಲ್ಲಿ ಬಿಟ್ಟರೆ ಮೊಗ್ಗು ನಿಲ್ಲುತ್ತದೆ.
ಬಾಗಿಲು ಕಾಯುತ್ತಿದ್ದ ಸೆಪ್ಟಿನ್ ಒಳಮನೆಯ ಕೆಲಸಕ್ಕೆ ಏಳುತ್ತದೆ.
ಅಲ್ಲಿ ಒಂದು ಕೋಶಕೇಂದ್ರ ನಾಲ್ಕಾಗುತ್ತಿದೆ,
ಒಂದೊಂದಕ್ಕೂ ಒಂದು ಪೊರೆ, ಕುಲಾವಿಯ ಹಾಗೆ, ಮೇಲಿನಿಂದ ಇಳಿಯುತ್ತಿದೆ.
ಅಂಚಿನ ಪ್ರೋಟೀನುಗಳು ಲಾಡಿ ಹಿಡಿದು ಬಾಯಿ ಅಗಲಿಸುತ್ತವೆ,
ಸೆಪ್ಟಿನ್ ಬೆನ್ನಿನುದ್ದಕ್ಕೆ ಹಾಸಿನ ಎಳೆಯಾಗಿ ಮಲಗುತ್ತದೆ.
ಲಾಡಿ ಹಿಡಿದವರು ಸರಿದ ಮೇಲೆ ಬಾಯಿ ಮುಚ್ಚಿ
ಗೋಡೆ ಏಳುತ್ತದೆ, ಪದರದ ಮೇಲೆ ಪದರ.
ಹೊರಗಿನ ಪದರ ನೇರಳಾತೀತ ಬೆಳಕಿಗೆ ನೀಲಿ,
ಸಣ್ಣಗೆ ಇಟ್ಟ ಗ್ಯಾಸಿನ ಉರಿಯ ನೀಲಿ.

ಇವತ್ತು ಮುಬೀನಾ ತಂದ ತಟ್ಟೆ ಸರಿಯಿರಲಿಲ್ಲ.
"ನಾಲ್ಕು ಎಲ್ಲೂ ಇಲ್ಲ ಮೇಡಂ, ಎಲ್ಲ ಎರಡೆರಡು."
ಅಸಿಟೇಟು ಕಮ್ಮಿ ಬಿದ್ದಿದೆ ಎಂದೆ.
ಅದೂ ಸಾಲದಾದಾಗ ತಾಯಿ ಲೆಕ್ಕ ಹಾಕುತ್ತಾಳೆ:
ಜೀವ ನಾಲ್ಕು, ಅಂಗಿ ಎರಡು.
ಕದಿರಿನ ನಾಲ್ಕು ತುದಿಗಳಲ್ಲಿ
ಹೊಸ ಎರಡಕ್ಕೆ ಮಾತ್ರ ಪೊರೆ ಕಟ್ಟುತ್ತಾಳೆ.
ಹಳೆಯ ತುದಿಯವು ಬತ್ತಲೆ ಉಳಿದು
ಅವಳ ಜೊತೆ ಕರಗುತ್ತವೆ.

ಕಬ್ಬನ್‌ಪೇಟೆಯಲ್ಲಿ ಮಗ್ಗದ ಮನೆ ನಮ್ಮದು.
ಯಾರ್ಯಾರದೋ ಮದುವೆಗೆ ಸೀರೆ ನೇಯ್ದ ಮನೆ,
ನಾಲ್ಕು ಹೆಣ್ಣುಮಕ್ಕಳಿಗೆ ಶಾಲೆಯ ಅಂಗಿ ಎರಡೇ.
ಅಮ್ಮ ಒಂದು ಮಾತೂ ಆಡಲಿಲ್ಲ.
ಮಡಿಸಿದ ಅಂಗಿಗಳನ್ನು ರಾತ್ರಿ
ಕಿರಿಯರಿಬ್ಬರ ತಲೆದಿಂಬಿನ ಹತ್ತಿರ ಇಟ್ಟಳು.
ಪದ್ಮಿನಿ ಒಲೆಯ ಮುಂದೆ ಹೋದಳು,
ಶಾಕಾಂಬರಿ ಕಂಡಿಕೆ ಸುತ್ತಲು ಕೂತಳು.
ಅವಳಿಗೆ ಆಗ ಒಂಬತ್ತು.

ಸಂಜೆ ಕಾರ್ಪೊರೇಷನ್ನಿನಲ್ಲಿ ಬಸ್ಸಿಳಿದು
ಬನ್ನು ಕಟ್ಟಿಸಿಕೊಂಡು ಅಕ್ಕನ ಮನೆಗೆ ಹೋದೆ.
ಏನೋ ತಡೆಯಲಾರದೆ ಇದೆಲ್ಲ ಹೇಳಿದೆ.
ಶಾಕಾಂಬರಿ ಬನ್ನನ್ನು ಟೀಗೆ ಅದ್ದುತ್ತ ಕೇಳಿದಳು:
"ಆರಿಸೋದು ಯಾರು ಅಂದೆ?"
"ತಾಯಿ. ಅಂದ್ರೆ... ಅವಳೊಳಗಿನ ಪ್ರೋಟೀನು."
"ಪಾಪ, ಅದಕ್ಕೇನು ಗೊತ್ತು."
ಸ್ವಲ್ಪ ಹೊತ್ತಿನ ಮೇಲೆ,
"ನಾನೇನೂ ಕರಗಿಲ್ಲ ಕಣೇ" ಎಂದು
ಎದ್ದು ಹೋಗಿ ಮಗ್ಗದ ಸ್ವಿಚ್ಚು ಹಾಕಿದಳು.
ಲಾಳಿ ಓಡತೊಡಗಿತು. ಮತ್ತೇನೋ ಹೇಳಿದಳು,
ಸದ್ದಿನಲ್ಲಿ ಕೇಳಲಿಲ್ಲ.

ಕಡಿದ ಎಳೆಗೆ ಗಂಟು ಹಾಕುತ್ತಿದ್ದ ಅವಳ ಬೆರಳುಗಳಲ್ಲಿ
ನೂಲು ಕೊಯ್ದ ಕಲೆಗಳು.
ಎಣಿಸಲು ಬಣ್ಣವೇ ಬೇಕಿರಲಿಲ್ಲ.
ಎಣಿಸಲಿಲ್ಲ.